ಖಾಲಿ ಮ್ಯಾಕ್ರೋ ಮತ್ತು ಕಂಪೈಲರ್ ತಕರಾರು

ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಹುಡುಗರು ಸಿ ಪ್ರೋಗ್ರಾಂ ತುಂಬ ಲಾಗ್‌ಗೆಂದು ಪ್ರಿಂಟ್‌ಎಫ್ ಸುರಿದು, ಒಂದು ಮ್ಯಾಕ್ರೋದಲ್ಲಿ ಕಟ್ಟಿ, ಸಬ್‌ಮಿಷನ್ ಹೊತ್ತಿಗೆ ಆ ಮ್ಯಾಕ್ರೋವನ್ನೇ ಖಾಲಿ ಮಾಡುತ್ತಾರೆ. ಆಗ ಕಂಪೈಲರ್‌ನ ಗೊಣಗಾಟ ಶುರು: ಈ ವೇರಿಯಬಲ್ ಬಳಸಿಯೇ ಇಲ್ಲ!

"ಸರ್ರ, ಲಾಗ್ ತಗದ್ರ ವಾರ್ನಿಂಗ್ ಬರ್ತಾವ್ರಿ!"

"ತಗೀಬ್ಯಾಡೋ ತಮ್ಮಾ, ಇಫ್ ಸೊನ್ನಿ ಒಳಗ ಕೂಡ್ರಸು."

ಒಳಗೆ ಕೂತ ಪ್ರಿಂಟ್‌ಎಫ್ ಓಡುವುದಿಲ್ಲ; ಆದರೆ ಕಂಪೈಲರ್ ಅದನ್ನು ಓದುತ್ತದೆ, ವೇರಿಯಬಲ್ ಬಳಕೆಯಾಯಿತೆಂದು ಸುಮ್ಮನಾಗುತ್ತದೆ. ಹೊರಗೆ ಡು-ವೈಲ್ ಸೊನ್ನೆ ಸುತ್ತಿದರೆ ಮುಂದಿನ ಎಲ್ಸ್ ಕೂಡ ದಾರಿ ತಪ್ಪದು.

ಹೀಗೆ ಪ್ರಿಂಟ್‌ಎಫ್ ಕಟ್ಟಲು ಒದಗುವ, ಎಷ್ಟಾದರೂ ಆರ್ಗ್ಯುಮೆಂಟ್ ನುಂಗುವ ಮ್ಯಾಕ್ರೋ ಬಂದದ್ದು ಸಿ99 ಮಾನಕದಲ್ಲಿ. ಆರ್ಗ್ಯುಮೆಂಟ್ ಇಲ್ಲದಾಗ ಕೊನೆಗೆ ಜೋತುಬೀಳುವ ಅಲ್ಪವಿರಾಮಕ್ಕೆ ಅಧಿಕೃತ ಮದ್ದು ಸಿಕ್ಕಿದ್ದು ಸಿ23ರಲ್ಲಿ. 1967ರ ಮಹಾಜನ ವರದಿಯ ನಂತರವೂ ಎಳೆಯುತ್ತಿರುವ ನಮ್ಮ ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿಗಿಂತ ಬೇಗನೇ ಅನ್ನಿ!

ದಯವಿಟ್ಟು ವಾರ್ನಿಂಗ್‌ಗಳನ್ನು ಪೂರಾ ಬಂದ್ ಮಾಡಬೇಡಿ, ಓದಿ.