ಪರಿವಿಡಿಯ ಅಹವಾಲು

ಇವರಿಗೆ,
ಪಿಎಚ್.ಡಿ. ಮಹಾಪ್ರಬಂಧಗಳನ್ನು ಪುಸ್ತಕರೂಪಕ್ಕೆ ತರುತ್ತಿರುವ ಸಮಸ್ತ ಸಂಶೋಧಕರು.

ವಿಷಯ: ಕನ್ನಡ ಸಂಶೋಧನ ಗ್ರಂಥಗಳ ಪರಿವಿಡಿಯಲ್ಲಿ ಮುದ್ರಿತವಾಗುತ್ತಿರುವ ಅಧ್ಯಾಯ ಶೀರ್ಷಿಕೆಗಳ ದೈರ್ಘ್ಯ, ವಿಸ್ತಾರ ಮತ್ತು ವ್ಯಾಪ್ತಿಯಿಂದ ಪುಟಸಂಖ್ಯೆಗಳಿಗೆ ಒದಗಿರುವ ಸಾಮಾಜಿಕ, ಸಾಂಸ್ಕೃತಿಕ ಹಾಗೂ ಭೌಗೋಳಿಕ ಸಂಕಷ್ಟಗಳು: ಒಂದು ವಿಶ್ಲೇಷಣಾತ್ಮಕ ಮನವಿ.

ಮಾನ್ಯರೇ,

ಪುಸ್ತಕದ ಯಾವ ಭಾಗ ಯಾವ ಪುಟದಲ್ಲಿದೆ ಎಂದು ತಿಳಿಸುವುದಷ್ಟೇ ಪರಿವಿಡಿಯ ಕೆಲಸವೆಂಬ ಹಳೆಯ ನಂಬಿಕೆಯನ್ನು ಸಂಶೋಧಕರೆಲ್ಲರೂ ಸೇರಿ ಬುಡಮೇಲು ಮಾಡಿರುವುದು ಪ್ರಶಂಸನೀಯವಾಗಿದೆ. ಈಗಿನ ಪರಿವಿಡಿಯನ್ನು ಓದಿ ಮುಗಿಸಿದವರಿಗೆ ಗ್ರಂಥವನ್ನು ಓದುವ ಅಗತ್ಯವೇ ಉಳಿಯದ ಕಾರಣ, ಪರಿವಿಡಿಯನ್ನಷ್ಟೇ ಅಚ್ಚುಹಾಕಿ ಮಿಕ್ಕ ಪುಟಗಳನ್ನು ಕೈಬಿಡುವ ಸಾಧ್ಯತೆಯನ್ನು ಪ್ರಕಾಶಕರು ಪರಿಶೀಲಿಸಬಹುದಾಗಿದೆ. ಅಲ್ಲಿಯವರೆಗೆ ಪುಟಸಂಖ್ಯೆಗಳು ಈ ಪರಿವಿಡಿಯಲ್ಲಿಯೇ ಬಾಳಬೇಕಾಗಿರುವುದರಿಂದ ಅವುಗಳ ಅಹವಾಲನ್ನು ಮಾನ್ಯರ ಅವಗಾಹನೆಗೆ ತರಲಾಗಿದೆ.

ಮಾದರಿಗೆ ಒಂದು ಕಲ್ಪಿತ ಅಧ್ಯಾಯವನ್ನು ನೋಡಬಹುದು: ‘ಉತ್ತರ ಕರ್ನಾಟಕದ ಬೀಸುವ ಪದಗಳಲ್ಲಿ ಅಭಿವ್ಯಕ್ತಗೊಂಡಿರುವ ಸ್ತ್ರೀ ಸಂವೇದನೆಯ ಸಾಮಾಜಿಕ, ಸಾಂಸ್ಕೃತಿಕ ಮತ್ತು ಆರ್ಥಿಕ ಆಯಾಮಗಳು: ಒಂದು ಅಧ್ಯಯನ’. ಕನ್ನಡ ಪುಸ್ತಕಗಳಿಗೆ ವಾಡಿಕೆಯಾದ ಡೆಮಿ 1/8 ಅಳತೆಯ ಪುಟದ ಅಗಲ ಸುಮಾರು 5.5 ಇಂಚು, ಎರಡೂ ಬದಿಯ ಅಂಚನ್ನು ಕಳೆದರೆ ಸಾಲಿಗೆ ದಕ್ಕುವುದು 4 ಇಂಚಿನ ಆಸುಪಾಸು. ಅಷ್ಟರಲ್ಲಿ ಈ ಶೀರ್ಷಿಕೆಯ ಮೊದಲ ಸಾಲು ಪುಟಸಂಖ್ಯೆಯ ಜಾಗವನ್ನು ಒತ್ತುವರಿ ಮಾಡಿಕೊಳ್ಳುತ್ತದೆ, ಎರಡನೆಯದು ಅಧ್ಯಾಯದ ಕ್ರಮಸಂಖ್ಯೆಯ ನೇರಕ್ಕೆ ಬಂದು ಕೂತು ಹೊಸ ಅಧ್ಯಾಯವೇ ಶುರುವಾಯಿತೆಂಬ ಭ್ರಮೆ ಹುಟ್ಟಿಸುತ್ತದೆ, ಕೊನೆಗೆ ‘ಅಧ್ಯಯನ’ ಎಂಬ ಒಂಟಿ ಪದ ಉಳಿದು, ಅದರ ಮುಂದೆ ಚುಕ್ಕಿಸಾಲು, ಅಂದರೆ ಶೀರ್ಷಿಕೆಯಿಂದ ಪುಟಸಂಖ್ಯೆಯವರೆಗೆ ಕಣ್ಣು ದಾರಿ ತಪ್ಪದಂತೆ ಹಾಕುವ ಚುಕ್ಕಿಗಳ ಸಾಲು, 147ರ ತನಕ ಸಾಗುತ್ತದೆ. ಇಂಥ ಗ್ರಂಥವೊಂದರ ಏಳು ಅಧ್ಯಾಯಗಳೂ ಹೀಗೆಯೇ ಮುಗಿದಾಗ, ಬಲ ಅಂಚಿನಿಂದ ಹುಡುಕಿಕೊಂಡು ಬರುವ ಓದುಗರಿಗೆ ಏಳು ಪುಟಸಂಖ್ಯೆಗಳ ಎದುರಿಗೂ ‘ಅಧ್ಯಯನ’ವೇ ಸಿಗುತ್ತದೆ.

ಇಕ್ಕಟ್ಟು ಕಳೆಯಲೆಂದು ಸಾಲುಗಳ ನಡುವಿನ ಅಂತರವನ್ನು ತಗ್ಗಿಸಿದರೆ ಲಿಪಿಯೇ ತಿರುಗಿಬೀಳುತ್ತದೆ, ಏಕೆಂದರೆ ಕನ್ನಡದ ಒತ್ತಕ್ಷರ ಸಾಲಿನ ಕೆಳಕ್ಕಿಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ. ಮೇಲಿನ ಸಾಲಿನ ‘ಸ್ತ್ರೀ’ಯ ಎರಡು ಒತ್ತುಗಳು ಕೆಳಸಾಲಿನ ‘ಆರ್ಥಿಕ’ದ ಗುಡಿಸನ್ನು ತುಳಿದು ನಿಂತಾಗ, ಇಡೀ ಪ್ರಬಂಧದಲ್ಲೆಲ್ಲೂ ಇಲ್ಲದ ಹೊಸ ಶೋಧವೊಂದು ಪರಿವಿಡಿಯಲ್ಲಿ ದಾಖಲಾಗುತ್ತದೆ.

ಶೀರ್ಷಿಕೆಯ ಈ ಉದ್ದಕ್ಕೆ ಕಾರಣಗಳಿಲ್ಲದಿಲ್ಲ. ‘ಸಾಮಾಜಿಕ’ವನ್ನು ಬಿಟ್ಟರೆ ಒಬ್ಬ ಪರೀಕ್ಷಕರಿಗೆ, ‘ಸಾಂಸ್ಕೃತಿಕ’ವನ್ನು ಬಿಟ್ಟರೆ ಇನ್ನೊಬ್ಬರಿಗೆ ಮುನಿಸಾದೀತೆಂಬ ಅಳುಕಿನಿಂದ ವಿಶೇಷಣಗಳು ಒಂದೊಂದಾಗಿ ಬಂದು ಸೇರುತ್ತವೆ, ‘ಒಂದು ಅಧ್ಯಯನ’ವನ್ನು ಬಿಟ್ಟರೆ ಅಧ್ಯಯನ ನಡೆದಿದೆ ಎಂಬುದಕ್ಕೆ ಬೇರೆ ಪುರಾವೆ ಸಿಗಲಾರದೆಂಬ ಭಯವೂ ಇರಬಹುದು. ನಾಲ್ಕು ಸಾಲಿನ ಶೀರ್ಷಿಕೆಯ ಕೆಳಗೆ ಒಂಬತ್ತೇ ಪುಟಗಳಿರುವಾಗ, ಕ್ಷೀರಸಾಗರನೆಂಬ ಹೆಸರಿನವನ ಮನೆಯಲ್ಲಿ ಮಜ್ಜಿಗೆಗೂ ಬರವಿತ್ತೆಂಬ ಗಾದೆ ಓದುಗರಿಗೆ ನೆನಪಾದರೆ ಅದು ಪರಿವಿಡಿಯ ತಪ್ಪಲ್ಲ.

ಈ ಭಾರವನ್ನು ಕೊನೆಗೆ ಹೊರುವವರು ಡಿ.ಟಿ.ಪಿ. ಮಾಡುವವರು. ಸಾಲು ಮುರಿಯಲೆಂದು ಶೀರ್ಷಿಕೆಯ ನಡುವೆ ಎಂಟರ್ ಕೀಲಿಯನ್ನು ಒತ್ತಿದರೆ, ಪರಿವಿಡಿಯನ್ನು ತಾನಾಗಿ ತಯಾರಿಸುವ ತಂತ್ರಾಂಶವು ಒಂದು ಅಧ್ಯಾಯವನ್ನು ಎರಡೆಂದು ಎಣಿಸುತ್ತದೆ. ಚುಕ್ಕಿಗಳನ್ನು ಕೈಯಿಂದಲೇ ಒಂದೊಂದಾಗಿ ಕುಟ್ಟಿದರೆ, ಅಕ್ಷರಗಳ ಅಗಲ ಒಂದೇ ಸಮನಾಗಿರದ ಕಾರಣ ಪುಟಸಂಖ್ಯೆಗಳು ಸಂತೆಗೆ ಬಂದವರಂತೆ ಕಂಡಕಂಡಲ್ಲಿ ನಿಲ್ಲುತ್ತವೆ.

ಪರಿಹಾರ ಹೊಸದೇನಲ್ಲ. ಕುಮಾರವ್ಯಾಸನು ತನ್ನ ಭಾರತದ ಸಂಧಿಗಳ ಆರಂಭದಲ್ಲಿ ಸಾಮಾನ್ಯವಾಗಿ ‘ಸೂಚನೆ’ ಎಂಬ ಪದ್ಯವೊಂದನ್ನಿಟ್ಟು ಮುಂದಿನ ಕಥೆಯ ಸಾರವನ್ನು ಹೇಳಿಬಿಡುತ್ತಾನೆ; ಹಾಗಾಗಿ ಸಾರವನ್ನು ಹೊರುವ ಕೆಲಸ ಸಂಧಿಯ ಹೆಸರಿಗೆ ಬೀಳುವುದಿಲ್ಲ, ‘ಮೊದಲನೆಯ ಸಂಧಿ’ ಎಂದರೆ ಸಾಕಾಗುತ್ತದೆ. ಸಂಶೋಧಕರ ವಿಶೇಷಣಗಳಿಗೂ ಅಧ್ಯಾಯದ ಮೊದಲ ಪ್ಯಾರಾದಲ್ಲಿ ಧಾರಾಳವಾಗಿ ಜಾಗವಿದೆ. ಗಣಿತಜ್ಞರು ಹೆಚ್ಚಾಗಿ ಬಳಸುವ ಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿಯೂ ಪೂರ್ಣ ಶೀರ್ಷಿಕೆಗೆ ಮುನ್ನ ಚೌಕಾವರಣದೊಳಗೆ ಕಿರು ಶೀರ್ಷಿಕೆಯನ್ನು ಕೊಡುವ ಏರ್ಪಾಡಿದ್ದು, ಉದ್ದದ್ದು ಅಧ್ಯಾಯದ ತಲೆಯಲ್ಲಿಯೂ ಚಿಕ್ಕದ್ದು ಪರಿವಿಡಿಯಲ್ಲಿಯೂ ಪುಟಗಳ ನೆತ್ತಿಯಲ್ಲಿಯೂ ಅಚ್ಚಾಗುತ್ತವೆ. ಮೇಲಿನ ಮಾದರಿಗೆ ‘ಬೀಸುವ ಪದಗಳಲ್ಲಿ ಹೆಣ್ಣು’ ಎಂದರೆ ಒಂದೇ ಸಾಲಿಗೆ ಕೆಲಸ ಮುಗಿಯುತ್ತದೆ.

ಹಾಗೂ ಉದ್ದವೇ ಬೇಕೆಂದಾದರೆ, ಎಲ್ಲ ಸಾಲುಗಳನ್ನೂ ಪುಟಸಂಖ್ಯೆಯ ಓಣಿಗೆ ಮೊದಲೇ ನಿಲ್ಲಿಸತಕ್ಕದ್ದು; ಎರಡನೆಯ ಸಾಲಿನಿಂದ ಮುಂದಿನವನ್ನು ಕ್ರಮಸಂಖ್ಯೆಯ ಕೆಳಗಲ್ಲ, ಶೀರ್ಷಿಕೆಯ ಮೊದಲ ಅಕ್ಷರದ ನೇರಕ್ಕೆ ಸರಿಸತಕ್ಕದ್ದು; ಚುಕ್ಕಿಸಾಲನ್ನೂ ಪುಟಸಂಖ್ಯೆಯನ್ನೂ ಕೊನೆಯ ಸಾಲಿಗೆ ಮಾತ್ರ ಕೊಡತಕ್ಕದ್ದು; ಆ ಸಾಲಿನಲ್ಲಿ ಒಂದೇ ಪದ ಉಳಿಯದಂತೆ ನೋಡಿಕೊಳ್ಳತಕ್ಕದ್ದು.

ಈ ಪತ್ರವು ಮುಂದೆಂದಾದರೂ ಸಂಕಲನವೊಂದಕ್ಕೆ ಸೇರುವುದಾದರೆ, ‘ವಿಷಯ’ವೆಂದು ಮೇಲೆ ಕೊಟ್ಟಿರುವ ವಾಕ್ಯವನ್ನು ಅದರ ಪರಿವಿಡಿಗೆ ಒಯ್ಯಬಾರದೆಂದು ಸಂಪಾದಕರನ್ನು ಈ ಮೂಲಕ ಕೋರಲಾಗಿದೆ. ತಲೆಬರಹದ ಎರಡು ಪದಗಳು ಸಾಕು. ಉಳಿದ ಜಾಗದಲ್ಲಿ ಪುಟಸಂಖ್ಯೆ ಕೈಕಾಲು ಚಾಚಿಕೊಳ್ಳಲಿ.

ಇತಿ,
ಪುಟಸಂಖ್ಯೆಗಳ ಪರವಾಗಿ,
ಪರಿವಿಡಿ