ಕುಕ್ಕುಟಭೋಜನಮೀಮಾಂಸೆ

ಅನ್ನದಾನದ ಮಹಿಮೆಯನ್ನು ಕೊಂಡಾಡುವ ಗ್ರಂಥಗಳು ನಮ್ಮಲ್ಲಿ ಅಸಂಖ್ಯಾತವಾಗಿದ್ದರೂ, ದಾನವಾಗಿ ಬಂದ ಅನ್ನವನ್ನು ಕಾಲಿನಿಂದ ಕೆದರಿ ದಾತೃವಿನ ಪಾದಗಳ ಮೇಲೆಯೇ ಎರಚುವ ಪ್ರತಿಗ್ರಾಹಿಯ ವಿಷಯದಲ್ಲಿ, ಎಂದರೆ ಹಿತ್ತಿಲ ಕೋಳಿಯ ವಿಷಯದಲ್ಲಿ, ಪೂರ್ವಾಚಾರ್ಯರು ಮೌನವಹಿಸಿರುವುದು ವಿದ್ವಲ್ಲೋಕಕ್ಕೆ ಒದಗಿದ ನಷ್ಟವೇ ಸರಿ. ಕೋಳಿಯನ್ನು ಅವರು ಅರಿಯದವರೇನೂ ಅಲ್ಲ. ಹ್ರಸ್ವ, ದೀರ್ಘ, ಪ್ಲುತಗಳ ಕಾಲಮಾನವನ್ನು ವಿಧಿಸುವ ಸೂತ್ರದಲ್ಲಿ ಪಾಣಿನಿಯು ಬೇರೆಲ್ಲ ಸ್ವರಗಳನ್ನು ಬಿಟ್ಟು ಉಕಾರವನ್ನೇ ಹಿಡಿದದ್ದು ಕೋಳಿಯ ಕೂಗನ್ನು ಅನುಸರಿಸಿ ಎಂದು ವೈಯಾಕರಣರು ಹೇಳುವುದುಂಟು. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಶ್ಲೋಕಗಳು ಕೋಳಿಯಿಂದ ಮನುಷ್ಯನು ಕಲಿಯತಕ್ಕ ಪಾಠಗಳು ನಾಲ್ಕೆಂದು ಎಣಿಸಿ, ಬಂಧುಗಳೊಡನೆ ಹಂಚಿಕೊಂಡು ಉಣ್ಣುವುದನ್ನೂ ಅವುಗಳಲ್ಲಿ ಸೇರಿಸುತ್ತವೆ. ಆ ಶ್ಲೋಕಕಾರನು ನಂಜನಗೂಡಿನ ಯಾವುದಾದರೊಂದು ಅಂಗಳದಲ್ಲಿ ಒಂದು ಮೊರ ರಾಗಿಯನ್ನು ಒಣಗಹಾಕಿ ಅರ್ಧ ಗಳಿಗೆ ಒಳಗೆ ಹೋಗಿ ಬಂದಿದ್ದನಾದರೆ, ಹಂಚುವುದಕ್ಕೂ ಚೆಲ್ಲುವುದಕ್ಕೂ ಇರುವ ತಾರತಮ್ಯವನ್ನು ಕುರಿತು ಐದನೆಯ ಪಾಠವೊಂದು ಹುಟ್ಟದೆ ಇರುತ್ತಿರಲಿಲ್ಲ.

ಪ್ರಸ್ತುತ ಪ್ರಬಂಧದ ಕ್ಷೇತ್ರವು ಕಪಿಲೆಯ ದಂಡೆಯ ನಂಜನಗೂಡಿನಿಂದ ಮೊದಲಾಗಿ, ಆ ನದಿಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೆ ವ್ಯಾಪಿಸಿದೆ. ಈ ಪ್ರದೇಶದ ಹಿತ್ತಿಲುಗಳಲ್ಲಿ ಅನಾದಿಕಾಲದಿಂದ ಎರಡು ದರ್ಶನಗಳು ಪರಸ್ಪರ ಖಂಡನಮಂಡನಗಳಲ್ಲಿ ತೊಡಗಿವೆ. ಸಂಜೆಯ ಹೊತ್ತು ಹಿತ್ತಿಲ ಬಾಗಿಲಲ್ಲಿ ನಿಂತು ‘ಕೋಕೋಕೋ, ಬಾ ಬಾ’ ಎಂದು ಕರೆದು, ಒಂದು ಹಿಡಿ ನುಚ್ಚನ್ನು ನೆಲದ ಮೇಲೆ ಬೀಸುವವರು ಪ್ರಕ್ಷೇಪವಾದಿಗಳು. ಸೋರುವುದರಿಂದ ಅಡುಗೆಮನೆಯಿಂದ ನಿವೃತ್ತವಾದ ಬೇಸಿನ್ನಿನಲ್ಲಿಯೋ, ಬಾಯಿ ಒಡೆದ ಮಡಕೆಯಲ್ಲಿಯೋ ತೌಡನ್ನು ತುಂಬಿ ಮೂಲೆಗಿಟ್ಟು, ಇನ್ನು ಸಂಜೆಯವರೆಗೆ ಚಿಂತೆಯಿಲ್ಲವೆಂದು ಒಳಗೆ ಹೋಗುವವರು ಪಾತ್ರವಾದಿಗಳು. ನೆಲಕ್ಕೆ ಹಾಕಿದ್ದು ಮಣ್ಣುಪಾಲೆಂದು ಎರಡನೆಯವರು ಆಕ್ಷೇಪಿಸಿದರೆ, ಬೇಸಿನ್ನಿಗೆ ಹಾಕಿದ್ದೂ ಕಟ್ಟಕಡೆಗೆ ನೆಲಕ್ಕೇ ಬರುವುದರಿಂದ ಬೇಸಿನ್ನಿನ ಮಾರ್ಗವಾಗಿ ಬರಬೇಕೆಂಬ ಆಗ್ರಹವು ಡಂಭಾಚಾರವೆಂದು ಮೊದಲನೆಯವರು ಪ್ರತ್ಯುತ್ತರ ಕೊಡುವರು.

ಪ್ರಮಾಣಗಳನ್ನು ಪರೀಕ್ಷಿಸೋಣ. ಪ್ರತ್ಯಕ್ಷವೇ ಜ್ಯೇಷ್ಠಪ್ರಮಾಣವಾದುದರಿಂದ ಬೇಸಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡತಕ್ಕದ್ದು. ಹ್ಯಾಟೆಯು ಬರುತ್ತದೆ, ಕತ್ತನ್ನು ಓರೆಮಾಡಿ ಒಂದೇ ಕಣ್ಣಿನಿಂದ ತೌಡನ್ನು ಪರಾಮರ್ಶಿಸುತ್ತದೆ. ಹಿಟ್ಟಿಗಿಂತ ಕಾಳು ಅದಕ್ಕೆ ಪ್ರಿಯ. ಆದುದರಿಂದ ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಮೇಲಿನ ಹಿಟ್ಟನ್ನು ಅಂಚಿನಾಚೆಗೆ ತಳ್ಳಿ, ತಳದಲ್ಲಿ ಅಡಗಿದ್ದ ಜೋಳದ ನುಚ್ಚೊಂದನ್ನು ಎತ್ತಿಕೊಳ್ಳುತ್ತದೆ. ಅಷ್ಟಕ್ಕೆ ತೃಪ್ತಿಯಾಗದೆ ಎರಡು ಕಾಲನ್ನೂ ಎತ್ತಿ ಪಾತ್ರೆಯ ಒಳಗೇ ಇಡುತ್ತದೆ. ಬಲಗಾಲಿನಿಂದ ಎರಡು ಸಲ, ಎಡಗಾಲಿನಿಂದ ಒಂದು ಸಲ ಹಿಂದಕ್ಕೆ ಕೆರೆದು, ಅರ್ಧ ಹೆಜ್ಜೆ ಹಿಂಜರಿದು, ತಾನು ಈಗತಾನೆ ನಿಂತಿದ್ದ ಸ್ಥಳವನ್ನು ಬಗ್ಗಿ ನೋಡುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಇದ್ದದ್ದೆಲ್ಲ ಬೆನ್ನ ಹಿಂದೆ ಗೋಡೆಗೆ ಹತ್ತಿರುತ್ತದೆ. ಈ ವಿಷಾದಕರ ಸತ್ಯದ ದರ್ಶನವಾದ ಮೇಲೆ ಬೇಸಿನ್ನಿನಲ್ಲಿಯೇ ಹಿಕ್ಕೆ ಹಾಕಿ ಹೊರಟುಹೋಗುತ್ತದೆ.

ಅನುಮಾನಪ್ರಮಾಣವು ಇದಕ್ಕೆ ಕಾರಣವನ್ನು ತಿಳಿಸುತ್ತದೆ. ನಂಜನಗೂಡು ತಾಲ್ಲೂಕಿನ ಅಂಚಿನ ಹೆಡಿಯಾಲದ ಕಾಡಿನಲ್ಲಿ ಬೂದು ಕಾಡುಕೋಳಿಯು ಇಂದಿಗೂ ತರಗೆಲೆಯನ್ನು ಕೆದರಿ ಹುಳುವನ್ನೂ ಬೀಜವನ್ನೂ ಹೆಕ್ಕುತ್ತಲಿದೆ. ಊರಕೋಳಿಯ ಮೂಲಪುರುಷನು ಕೆಂಪು ಕಾಡುಕೋಳಿಯಾದರೂ, ಅದರ ಹಳದಿ ಕಾಲಿನ ವರ್ಣಬೀಜವು ಈ ಬೂದು ಕಾಡುಕೋಳಿಯ ಕಡೆಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ಸ್ಥಾಪಿಸಿದರು. ಬೇಸಿನ್ನಿನೊಳಗೆ ಇಳಿಯುವ ಆ ಹಳದಿ ಕಾಲು ನಮ್ಮ ದಕ್ಷಿಣದ ಕಾಡಿನಿಂದಲೇ ಬಂದ ಪಿತ್ರಾರ್ಜಿತವಾಗಿರುವಾಗ, ಅದು ಕೆರೆಯದೆ ಸುಮ್ಮನಿರಲೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಕೋಳಿಯ ಮತದಲ್ಲಿ ಅನ್ನವೆಂಬುದು ಯಾವುದಾದರೊಂದರ ಕೆಳಗೆ ಹುದುಗಿರತಕ್ಕ ವಸ್ತು. ಕೆದರದೆ ದೊರೆತದ್ದು ಅನ್ನವೇ ಅಲ್ಲ.

ಇನ್ನು ಶಬ್ದಪ್ರಮಾಣ. ಬೇಲಿಯ ಎರಡು ಪಕ್ಕಗಳಿಂದ ನಿತ್ಯವೂ ಶ್ರುತವಾಗುವ ಆಪ್ತವಾಕ್ಯಗಳು ಹೀಗಿವೆ: “ಅಲ್ಲ ಕಣಕ್ಕ, ನಿಮ್ ಕೋಳಿ ಬಂದು ನಾನ್ ಒಣಗಾಕಿದ್ ರಾಗಿಯೆಲ್ಲ ಕೆದರಾಕ್ಬುಟ್ಟದಲ್ಲ, ಕಟ್ಟಾಕ್ಕೊಳಕ್ಕಾಗಲ್ವಾ?” ಎಂಬುದು ಪೂರ್ವಪಕ್ಷ. “ನಮ್ ಕೋಳಿಗೆ ನಮ್ಮನೇಲೇ ಬೇಕಾದಂಗೈತೆ ಕಣವ್ವ, ನಿನ್ ರಾಗಿ ಯಾವ ಮೂಲೆಗೆ?” ಎಂಬುದು ಉತ್ತರಪಕ್ಷ. ಉತ್ತರಪಕ್ಷದಲ್ಲಿ ‘ಬೇಕಾದಂಗೈತೆ’ ಎಂಬ ಮಾತು ಪರಿಮಾಣದ ಪ್ರಶ್ನೆಯನ್ನು ಎತ್ತುವುದರಿಂದ, ಅದನ್ನು ನಿರ್ಣಯಿಸದೆ ಮುಂದೆ ಹೋಗುವಂತಿಲ್ಲ.

ಪರಿಮಾಣನಿರ್ಣಯಕ್ಕೆ ತಿರುಮಕೂಡಲಿಗಿಂತ ಪ್ರಶಸ್ತವಾದ ಕ್ಷೇತ್ರವು ಬೇರೊಂದಿಲ್ಲ. ಅಲ್ಲಿಯ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದ್ದು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಸ್ಥಳದವರು ಹೇಳುತ್ತಾರೆ. ಮೊಟ್ಟೆಯಿಡುವ ಕೋಳಿಯನ್ನು ಗೂಡಿನಲ್ಲಿಯೇ ಇಟ್ಟು ಸಾಕಿದರೆ ಅದು ದಿನಕ್ಕೆ 100ರಿಂದ 120 ಗ್ರಾಂ ಮೇವನ್ನು ತಿನ್ನುತ್ತದೆ. ಗುಲಗಂಜಿಯೊಂದರ ತೂಕ ಸುಮಾರು 0.12 ಗ್ರಾಂ, ಆದುದರಿಂದ ಹ್ಯಾಟೆಯೊಂದರ ನಿತ್ಯಾಹಾರವು ಹೆಚ್ಚೆಂದರೆ ಒಂದು ಸಹಸ್ರ ಗುಲಗಂಜಿಯೆಂದು ಸಿದ್ಧವಾಯಿತು. (ತೂಗಿದ ಗುಲಗಂಜಿಯನ್ನು ಜೋಪಾನವಾಗಿ ಎತ್ತಿಡತಕ್ಕದ್ದು; ಅದು ಘೋರವಿಷ. ಮೇವಿಗೆ ಬಿದ್ದರೆ ಪರಿಮಾಣದ ಸಮಸ್ಯೆಯೊಡನೆ ಕೋಳಿಯ ಸಮಸ್ಯೆಯೂ ಪರಿಹಾರವಾಗಿಬಿಡುವುದು.) ಬಚ್ಚಲುನೀರು ಹರಿಯುವ ಬಾಳೆಯ ಬುಡದಲ್ಲಿ ಎರೆಹುಳುವನ್ನು ಆಯುತ್ತ ಸ್ವತಂತ್ರವಾಗಿ ತಿರುಗುವ ನಾಟಿ ಕೋಳಿಗೆ ಇದರ ಅರ್ಧವೂ ಬೇಡ. ಆ ಬಾಳೆಯು ನಂಜನಗೂಡಿನ ರಸಬಾಳೆಯೇ ಆಗಿದ್ದರೂ ಎರೆಹುಳುವಿನ ರುಚಿಯಲ್ಲಿ ಭೇದವನ್ನು ಕೋಳಿಯು ಒಪ್ಪುವುದಿಲ್ಲ.

ಗಿರಿರಾಜ ತಳಿಯ ವಿಷಯ ಬೇರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಈ ಸ್ಥೂಲಕಾಯವು ಲೋಕಕ್ಕೆ ಬಂದದ್ದು 1989ರಲ್ಲಿ. ತಿರುಮಕೂಡಲಿನಲ್ಲಿ ಮೂರು ವರ್ಷಗಳಿಗೊಮ್ಮೆ ನೆರೆಯುವ ಕುಂಭಮೇಳವು ಆರಂಭವಾದದ್ದೂ ಅದೇ 1989ರಲ್ಲಿ. ಎರಡು ಸಂಗತಿಗಳು ಒಂದೇ ವರ್ಷದಲ್ಲಿ ಕಂಡೊಡನೆ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವುದು ಸಂಶೋಧಕರ ಸತ್ಸಂಪ್ರದಾಯವಾಗಿದ್ದರೂ ಇಲ್ಲಿ ಸಂಯಮವನ್ನು ಪಾಲಿಸಲಾಗಿದೆ.

ಹಲ್ಲಿಲ್ಲದ ಪ್ರಾಣಿಯಾದುದರಿಂದ ಕೋಳಿಗೆ ನಂಜನಗೂಡಿನ ಪ್ರಸಿದ್ಧ ಹಲ್ಲುಪುಡಿಯಿಂದ ಆಗಬೇಕಾದದ್ದೇನೂ ಇಲ್ಲ. ನುಂಗಿದ ಕಾಳನ್ನು ಅದು ಹೊಟ್ಟೆಯೊಳಗಿನ ಗಟ್ಟಿಯಾದ ಮಾಂಸದ ಚೀಲದಲ್ಲಿ ಹರಳುಕಲ್ಲುಗಳ ನೆರವಿನಿಂದ ಅರೆಯುತ್ತದೆ. ಹರಳು ಸಾಲದಿದ್ದರೆ ಇಡಿಯ ಕಾಳು ಸರಿಯಾಗಿ ಅರೆಯದೆ ವ್ಯರ್ಥವಾಗುತ್ತದೆ, ಇದೂ ಒಂದು ಚೆಲ್ಲುವಿಕೆಯೇ. ತಲಕಾಡು ಮರಳಾಗಲೆಂದು ಅಲಮೇಲಮ್ಮನು ಕೊಟ್ಟಳೆನ್ನುವ ಶಾಪವನ್ನು ಚರಿತ್ರಕಾರರು ರಾಜವಂಶದ ದೃಷ್ಟಿಯಿಂದ ಮಾತ್ರವೇ ನೋಡಿದ್ದಾರೆ. ಕುಕ್ಕುಟವಂಶದ ದೃಷ್ಟಿಯಿಂದ ನೋಡಿದವರಿಲ್ಲ. ನಯವಾದ ಮರಳನ್ನು ಜರಡಿಯಾಡಿ ಹರಳನ್ನಷ್ಟೇ ಉಳಿಸಿಕೊಂಡರೆ, ಅದೇ ಶಾಪವು ಆ ವಂಶಕ್ಕೆ ವರವಾಗಿ ಪರಿಣಮಿಸುವುದು.

ಹಾಗಾದರೆ ಸಿದ್ಧಾಂತವೇನು? ಇಡಿಯ ಕಾಳನ್ನು ಎರಚತಕ್ಕದ್ದು, ಹಿಟ್ಟನ್ನು ಪಾತ್ರೆಯಲ್ಲಿಡತಕ್ಕದ್ದು. ರಾಗಿ, ಭತ್ತ, ದಪ್ಪ ನುಚ್ಚುಗಳನ್ನು ಒಣಗಿದ ತರಗಿನ ಮೇಲೆ ಬೀಸಿದರೆ ಕೋಳಿಯು ತನ್ನ ಪಿತ್ರಾರ್ಜಿತವನ್ನು ಅಲ್ಲಿ ಮನಸಾರೆ ಕೆದರಿ, ಒಂದು ಕಾಳನ್ನೂ ಬಿಡದೆ ಆಯ್ದುಕೊಳ್ಳುವುದು. ತೌಡು, ಹಿಂಡಿ, ಹಿಟ್ಟುಗಳಾದರೋ ನೆಲಕ್ಕೆ ಬಿದ್ದೊಡನೆ ಮಣ್ಣಿನೊಡನೆ ಅದ್ವೈತವನ್ನು ಹೊಂದುವುದರಿಂದ ಅವಕ್ಕೆ ಪಾತ್ರೆಯೇ ಗತಿ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆಯ ಮೇಲಿಡಬೇಕು ಅಥವಾ ಹಗ್ಗದಿಂದ ತೂಗುಹಾಕಬೇಕು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಕೂಡದು. ಮೇಲೆ ಅಡ್ಡಲಾಗಿ, ಕುಳಿತೊಡನೆ ಗಿರ್ರನೆ ತಿರುಗುವ ಗಳುವೊಂದನ್ನು ಜೋಡಿಸಿದರೆ ಏರಿ ಕೂರಲು ಬಂದ ಹುಂಜವು ಸ್ವಾಭಿಮಾನಕ್ಕೆ ಭಂಗ ಬಂದು ಇಳಿಯುವುದು. ನರಸೀಪುರದ ರೇಷ್ಮೆ ಫಿಲೇಚರಿನಂಥ ಕಡೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವು ಕೋಳಿಗೆ ಪುಷ್ಟಿಕರವಾದ ಆಹಾರ. ಒಣಗಿಸಿ ಪುಡಿಮಾಡಿ ಹಿಟ್ಟಿಗೆ ಬೆರೆಸಬಹುದು, ಬೆರೆಸುವವರ ಮನೆಯನ್ನು ಗುರುತುಹಿಡಿಯಲು ಆಮೇಲೆ ವಿಳಾಸವು ಬೇಕಾಗುವುದಿಲ್ಲ.

ಹಿಟ್ಟು ಹಾರದಂತೆ ನೀರು ಚಿಮುಕಿಸುವ ಪದ್ಧತಿ ಒಳ್ಳೆಯದೇ. ಆದರೆ ನೆನೆದ ಮೇವನ್ನು ಕಾಲು ಗಂಟೆಯಲ್ಲಿ ಮುಗಿಯುವಷ್ಟೇ ಇಟ್ಟು, ಮಿಕ್ಕಿದ್ದನ್ನು ಬಳಿದು ತೆಗೆಯತಕ್ಕದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುಬಿದ್ದಾಗ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಮೂಲವೆಂದು ಪತ್ತೆಯಾಯಿತು. ಅಫ್ಲಟಾಕ್ಸಿನ್ ಎಂಬ ವಿಷದ ಪರಿಚಯವು ಪ್ರಪಂಚಕ್ಕೆ ಆದದ್ದು ಹಾಗೆ. ಮಳೆಗಾಲದಲ್ಲಿ ಅಟ್ಟದ ಮೇಲೆ ಹಿಂಡಿಯ ಚೀಲವನ್ನು ಮರೆಯುವವರು ಇದನ್ನು ಪಠಿಸತಕ್ಕದ್ದು.

ಎರಡು ದರ್ಶನಗಳೂ ಹೀಗೆ ಕಪಿಲಾಕಾವೇರಿಗಳಂತೆ ಕೂಡಿದ ಮೇಲೆ, ಸಂಗಮದಲ್ಲಿ ಸ್ಫಟಿಕಸರೋವರವೆಂಬ ಮೂರನೆಯದು ಗುಪ್ತವಾಗಿರುವಂತೆ ಇಲ್ಲಿಯೂ ಕಣ್ಣಿಗೆ ಕಾಣದ ಮೂರನೆಯ ಪ್ರವಾಹವೊಂದುಂಟು: ಅದು ರಾತ್ರಿಯಲ್ಲಿ ಇಲಿ ಹೆಗ್ಗಣಗಳ ಬಿಲಕ್ಕೆ ಹರಿಯುತ್ತದೆ. ಸಂಜೆ ಕೋಳಿಯನ್ನು ಮಂಕರಿಗೆ ಕವುಚಿದ ಮೇಲೆ ಪಾತ್ರೆಯನ್ನು ಒಳಗಿಡುವುದೊಂದೇ ಇದಕ್ಕೆ ಪ್ರಾಯಶ್ಚಿತ್ತ.

ಇಷ್ಟೆಲ್ಲ ವಿಧಿಗಳಾದ ಮೇಲೆಯೂ ಯಾವುದಾದರೊಂದು ಹುಂಜವು ತೂಗುಪಾತ್ರೆಯನ್ನು ಹಾರಿ ಒದ್ದು ಉರುಳಿಸಿದರೆ ಮಾಡತಕ್ಕದ್ದೇನೆಂದು ಜಿಜ್ಞಾಸುಗಳು ಕೇಳಬಹುದು. ಆ ವಿಷಯವು ಈ ಗ್ರಂಥದ ವ್ಯಾಪ್ತಿಗೆ ಸೇರದು. ಅದನ್ನು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಪಾಕಶಾಸ್ತ್ರಜ್ಞರು ನಿರ್ಣಯಿಸುವರು. ಖಾರ ಅರೆಯುವಾಗ ಪ್ರತಿವಾದಿಯ ಅಭಿಪ್ರಾಯವನ್ನು ಕೇಳುವ ಪದ್ಧತಿ ಆ ಶಾಸ್ತ್ರದಲ್ಲಿಲ್ಲ.