ಒಂದು ಮೊಬೈಲು, ಮೂವರು ಮಕ್ಕಳು, ಎರಡು ಕಡ್ಡಿ ಸಿಗ್ನಲ್

ವಯನಾಡಿನ ಪೆರಿಕ್ಕಲ್ಲೂರಿನಲ್ಲಿ ಕಬಿನಿಯ ದಂಡೆಗೆ ನಿಂತರೆ ಎದುರಿಗೇ ಮೈಸೂರು ಜಿಲ್ಲೆಯ ಬೈರಕುಪ್ಪೆ. ದೋಣಿ ದಾಟಿದರೆ ರಾಜ್ಯವೇ ಬೇರೆ. ಈಚೆ ದಂಡೆಯ ಕಾಟ್ಟುನಾಯ್ಕ ಬುಡಕಟ್ಟಿನವರ ಮನೆಯೊಂದರಲ್ಲಿ, ಕಿಟಕಿಯ ಸರಳಿಗೆ ರಬ್ಬರ್‌ಬ್ಯಾಂಡಿನಿಂದ ಬಿಗಿಸಿಕೊಂಡು, ಗಾಜು ಬಿರಿದ ಮೊಬೈಲೊಂದು ಸಂದರ್ಶನಕ್ಕೆ ಸಿಕ್ಕಿತು. ಯುವಜನರ ಆನ್‌ಲೈನ್ ಸಬಲೀಕರಣದ ಸಭೆಗಳಲ್ಲಿ ಬ್ಯಾನರಿನ ಮೇಲೆ ಇದರ ಚಿತ್ರ ಇದ್ದೇ ಇರುತ್ತದೆ. ಅಭಿಪ್ರಾಯ ಕೇಳಿದವರು ಮಾತ್ರ ಇಲ್ಲ.

ವರದಿಗಾರ: ತಮ್ಮ ಮಾಲೀಕರು ಯಾರು?

ಮೊಬೈಲು: ಯಾವ ಹೊತ್ತಿಗೆ? ಬೆಳಿಗ್ಗೆ ಅಪ್ಪ, ಕೂಲಿಗೆ ಕರೆ ಬರುತ್ತದಲ್ಲ. ಸಂಜೆ ಪ್ಲಸ್ ಟು ಓದುವ ಅಕ್ಕ. ಏಳರ ಮೇಲೆ ಹತ್ತನೇ ಕ್ಲಾಸಿನ ತಮ್ಮ. ಕಿರಿಯಳು ಅತ್ತಳೆಂದರೆ ನಡುವೆ ಕಾರ್ಟೂನು. ನನ್ನನ್ನು ‘ಪರ್ಸನಲ್’ ಅಂದವರು ಈ ಮನೆಗೆ ಕಾಲಿಟ್ಟಿಲ್ಲ.

ವರದಿಗಾರ: ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದು 2019ರಲ್ಲಿ ಕೇರಳ ಹೈಕೋರ್ಟೇ ಹೇಳಿದೆಯಲ್ಲ?

ಮೊಬೈಲು: ಹೇಳಿದೆ. ಮೊಬೈಲು ನಿರ್ಬಂಧಕ್ಕೆ ಒಪ್ಪದ್ದಕ್ಕೆ ಹಾಸ್ಟೆಲ್ಲಿನಿಂದ ಹೊರಹಾಕಿದಾಗ ಕಾಲೇಜು ಹುಡುಗಿಯೊಬ್ಬಳು ಹೂಡಿದ ಕೇಸು ಅದು. ಇಲ್ಲಿ ಶಿಕ್ಷಣದ ಹಕ್ಕು ಸರದಿಯ ಮೇಲೆ ನಡೆಯುತ್ತಿದೆ. ಖಾಸಗಿತನದ ಸರದಿ ಇನ್ನೂ ಬಂದಿಲ್ಲ.

ವರದಿಗಾರ: ಕೊರೊನಾ ಕಾಲ ತಮ್ಮ ಸುವರ್ಣಯುಗ ಅನ್ನುತ್ತಾರೆ.

ಮೊಬೈಲು: 2020ರ ಜೂನ್ 1ಕ್ಕೆ ಕೇರಳದ ಶಿಕ್ಷಣ ಚಾನೆಲ್ಲು ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಪಾಠಗಳ ಗಂಟೆ ಬಾರಿಸಿತು. ಟಿವಿ, ಮೊಬೈಲು ಇಲ್ಲದವರಿಗೆಂದು ಅಲ್ಲಲ್ಲಿ ಕಲಿಕಾ ಕೇಂದ್ರಗಳೂ ಎದ್ದವು. ಕಾಸರಗೋಡಿನ ಮಕ್ಕಳಿಗೆ ಕನ್ನಡದಲ್ಲೂ ಪಾಠ ಬಂತು. ಈ ಮನೆಯ ಮಾತೂ ಕನ್ನಡದ ಹತ್ತಿರದ ನೆಂಟನೇ. ಆದರೆ ನೆಂಟಸ್ತಿಕೆ ಹಿಡಿದು ಪಾಠ ಹುಡುಕಿಕೊಡುವ ಬಟನ್ ನನ್ನಲ್ಲಿಲ್ಲ.

ವರದಿಗಾರ ಮಾತು ಬದಲಿಸಿದ. 2021ರ ನವೆಂಬರಿನಲ್ಲಿ ವಯನಾಡಿನದೇ ತೊಂಡರ್‌ನಾಡಿನಲ್ಲಿ ಮೊದಲಾದ ‘ಎಬಿಸಿಡಿ’ ಶಿಬಿರಗಳನ್ನು ನೆನಪಿಸಿದ. ಆಧಾರ್, ರೇಷನ್ ಕಾರ್ಡು, ಜನನ ಪ್ರಮಾಣಪತ್ರಗಳನ್ನು ಬುಡಕಟ್ಟು ಜನರಿಗೆ ಮಾಡಿಕೊಟ್ಟು ಡಿಜಿಲಾಕರಿನಲ್ಲಿ ಇಟ್ಟ ಕೆಲಸವದು. ಮೊಬೈಲಿನ ಪರದೆ ಕೊಂಚ ಬೆಳಗಿತು.

ಮೊಬೈಲು: ಒಳ್ಳೆಯ ಕೆಲಸ. ಮಳೆಗೆ ನೆನೆದು ಮುದ್ದೆಯಾಗುತ್ತಿದ್ದ ಕಾಗದಗಳೆಲ್ಲ ಈಗ ಭದ್ರ. ಬೀಗದ ಕೈ ಓಟಿಪಿ, ಅದು ಬರುವುದು ನನಗೆ. ಅಕ್ಕ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಿಡಿದು ನಿಂತಿರುತ್ತಾಳೆ. ನಾನು ಅಪ್ಪನ ಜೇಬಿನಲ್ಲಿ, ಹೊಳೆಯಾಚೆಯ ಶುಂಠಿ ಹೊಲದಲ್ಲಿ ‘ಕರ್ನಾಟಕಕ್ಕೆ ಸ್ವಾಗತ’ ಓದುತ್ತಿರುತ್ತೇನೆ.

ವರದಿಗಾರ: ಬುಡಕಟ್ಟು ವಸತಿಗಳಿಗಿದ್ದ ‘ಕಾಲೊನಿ’ ಎಂಬ ಹೆಸರನ್ನೂ ಸರ್ಕಾರ 2024ರಲ್ಲಿ ತೆಗೆದು, ‘ನಗರ’, ‘ಉನ್ನತಿ’, ‘ಪ್ರಕೃತಿ’ ಎಂದು ಸೂಚಿಸಿತಲ್ಲ?

ಮೊಬೈಲು: ವಿಳಾಸಕ್ಕೆ ಉನ್ನತಿ ಬಂತು. ಕಡ್ಡಿ ಎರಡೇ.

ವರದಿಗಾರ: ರೀಲ್ಸ್ ತೋರಿಸಿ ಹುಡುಗರನ್ನು ಕೆಡಿಸುತ್ತೀರಿ ಎಂಬ ದೂರಿದೆ.

ಮೊಬೈಲು: ಬಂಡೀಪುರದ ಕಾಡುರಸ್ತೆಯ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಪ್ರಾಣಿಗಳ ಸುರಕ್ಷತೆಗಾಗಿ. ಹುಡುಗರ ನಿದ್ದೆಗೆ ಅಂಥದೊಂದು ಗೇಟು ಹಾಕಿದವರು ಯಾರು?

ವರದಿಗಾರ: ತಮಗೆ ಪ್ರತಿಸ್ಪರ್ಧಿ?

ಮೊಬೈಲು: ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಗೋತ್ರಬಂಧು. 2017ರಲ್ಲಿ ಬುಡಕಟ್ಟುಗಳ 241 ಯುವಕ ಯುವತಿಯರನ್ನು ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಮೆಂಟರ್ ಟೀಚರಾಗಿ ತೆಗೆದುಕೊಂಡರು. ಕ್ಲಾಸಿನ ಭಾಷೆ ಅರ್ಥವಾಗದೆ ಕೂತ ಮಗುವಿಗೆ ಮನೆಮಾತಿನಲ್ಲಿ ಹೇಳಿಕೊಡುವವರು. ಎದುರಿಗಿರುವ ಮಗು ಯಾವುದು ಅನ್ನುವುದು ಅವರಿಗೆ ಗೊತ್ತು. ನನ್ನನ್ನು ಯಾರು ಹಿಡಿದಿದ್ದಾರೆ ಅನ್ನುವುದು ಮೆಸೇಜು ಕಳಿಸಿದವರಿಗೆ ಗೊತ್ತಾಗುವುದೇ ಇಲ್ಲ. ಅಕ್ಕನಿಗೆ ಬಂದ ಸಮಾಧಾನದ ಮೆಸೇಜನ್ನು ಅಪ್ಪ ಓದುತ್ತಾನೆ.

ವರದಿಗಾರ: ಮನಸ್ಸಿಗೆ ಬೇಸರವಾದರೆ ಟೆಲಿ ಮಾನಸ್ ಸಹಾಯವಾಣಿ ಇದೆಯಲ್ಲ? 2022ರ ಅಕ್ಟೋಬರಿನಿಂದ, ಬೆಂಗಳೂರಿನ ನಿಮ್ಹಾನ್ಸ್ ಉಸ್ತುವಾರಿಯಲ್ಲಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡವೂ ಉಂಟು, ಮಲಯಾಳವೂ ಉಂಟು.

ಮೊಬೈಲು: ಇದೆ. ಇದು ಒಂದೇ ಕೋಣೆಯ ಮನೆ. ಹೊಳೆ ದಂಡೆಗೆ ಹೋದರೆ ಸಿಗ್ನಲ್ ಚೆನ್ನಾಗಿದೆ, ಆದರೆ ದೋಣಿಗೆ ಕಾಯುವ ಜನವೂ ಅಲ್ಲೇ ಇರುತ್ತದೆ.

ವರದಿಗಾರ: ಅಂದರೆ ಈ ಮನೆಯಿಂದ ಯಾರೂ ಕರೆ ಮಾಡಿಲ್ಲವೆ?

ಅಷ್ಟು ಹೊತ್ತು ಪಟಪಟನೆ ಮಾತಾಡಿದ ಮೊಬೈಲು ಸುಮ್ಮನಾಯಿತು. ವರದಿಗಾರ ಬಗ್ಗಿ ನೋಡಿದ. ಕರೆಗಳ ಪಟ್ಟಿಯನ್ನು ಯಾರೋ ಪೂರ್ತಿ ಅಳಿಸಿದ್ದರು. ಒಲೆಯ ಬಳಿ ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ.

‘ಅಣ್ಣಾ, ಏಳು ಗಂಟೆಯಾಯ್ತು, ನನ್ನ ಸರದಿ’ ಎನ್ನುತ್ತ ತಮ್ಮ ಬಂದು ರಬ್ಬರ್‌ಬ್ಯಾಂಡು ಬಿಚ್ಚಿದ.